ಆ ಫೋನ್ ಎತ್ತಿದರೋ ಇಲ್ಲವೋ

ನಮಸ್ಕಾರ.

ನಿಮ್ಮ ‘ಯಾಂಕೀಸ್ ಸೋತ ರಾತ್ರಿ’ ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಗಳೊಂದಿಗೆ’ ಅಂತ ಒಂದು ಸಾಲು ಗೀಚಿ ವಾಪಸ್ ಕಳಿಸುವುದಕ್ಕೂ ಮನಸ್ಸು ಬರಲಿಲ್ಲ. ಹನ್ನೊಂದು ಪುಟದಲ್ಲಿ ಎಂಟನೇ ಪುಟದ ನಾಲ್ಕು ಸಾಲು ನನ್ನ ತಲೆಯಲ್ಲೇ ಕೂತಿವೆ. ಅದಕ್ಕೇ ಇಷ್ಟು ಉದ್ದದ ಕಾಗದ.

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು. ಐದು ವರ್ಷದಿಂದ ನೀವು ಬಾಸ್ಟನ್ ಪಕ್ಕದ ಊರಿನಲ್ಲಿದ್ದೀರಿ. 2024ರ ಅಕ್ಟೋಬರ್ 30ರ ರಾತ್ರಿ ಪಕ್ಕದ ಮನೆಯ ಮುದುಕರು ಬೇಸ್‌ಬಾಲ್ ನೋಡಲು ಕರೆದರು. ಅಲ್ಲಿ ಏಳೆಂಟು ಜನ, ಎಲ್ಲರೂ ಬಾಸ್ಟನ್ ರೆಡ್ ಸಾಕ್ಸ್ ಅಭಿಮಾನಿಗಳು. ಆಟ ಮಾತ್ರ ಅವರ ತಂಡದ್ದಲ್ಲ. ವರ್ಲ್ಡ್ ಸೀರೀಸ್ ಅನ್ನುವ, ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಸಿಗುವ ಫೈನಲ್ ಸರಣಿಯ ಐದನೇ ಪಂದ್ಯ, ನ್ಯೂಯಾರ್ಕ್ ಯಾಂಕೀಸ್ ಎದುರು ಲಾಸ್ ಏಂಜಲೀಸ್ ಡಾಡ್ಜರ್ಸ್. ಯಾಂಕೀಸ್ ಸೋತು ಕಪ್ ಕಳೆದುಕೊಂಡರು. ಬಾಸ್ಟನ್‌ನ ಆ ಮನೆಯಲ್ಲಿ ಹಬ್ಬವಾಯಿತು. ತಮ್ಮ ತಂಡ ಆಡದೇ ಇದ್ದ ಆಟಕ್ಕೆ ಇವರು ಕುಣಿದದ್ದು ನೋಡಿ ನಿಮಗೆ ಆಶ್ಚರ್ಯವಾಯಿತು. ಸ್ವಲ್ಪ ಬೇಜಾರೂ ಆಯಿತು.

ವಿಷಯ ಚೆನ್ನಾಗಿದೆ. ಇಂಥದ್ದನ್ನು ಕನ್ನಡದಲ್ಲಿ ನಾನು ಓದಿಲ್ಲ. ಆದರೆ ನೀವು ಶುರು ಮಾಡುವುದು 1919ರಿಂದ. ಬೇಬ್ ರೂತ್‌ನನ್ನು ರೆಡ್ ಸಾಕ್ಸ್ ಮಾಲೀಕ ಯಾಂಕೀಸ್‌ಗೆ ಲಕ್ಷ ಡಾಲರಿಗೆ ಮಾರಿದ್ದು, ಅದರಿಂದ ತಗುಲಿತು ಅನ್ನುವ ಶಾಪ, ಆಮೇಲೆ ದಶಕಗಳ ಲೆಕ್ಕ. ಮೂರು ಪುಟ! ಮುದುಕರ ಮನೆಯ ಬಾಗಿಲು ತೆರೆಯುವುದು ನಾಲ್ಕನೇ ಪುಟದಲ್ಲಿ. ಮದುವೆಗೆ ಕರೆದು, ಊಟಕ್ಕೆ ಮುಂಚೆ ವಂಶಾವಳಿ ಓದಿ ಹೇಳಿದ ಹಾಗಾಯಿತು. ನಮ್ಮ ಓದುಗರಿಗೆ ಬೇಕಾದದ್ದು ಎರಡೇ ಇಸವಿ. 1918ರಲ್ಲಿ ಕಪ್ ಗೆದ್ದ ರೆಡ್ ಸಾಕ್ಸ್ ಮತ್ತೆ ಗೆದ್ದದ್ದು 2004ರಲ್ಲಿ. ನಡುವಿನ 86 ವರ್ಷ ಯಾಂಕೀಸ್ ಗೆಲ್ಲುತ್ತಲೇ ಹೋದರು. ಇಷ್ಟನ್ನು ಯಾರ ಬಾಯಲ್ಲಾದರೂ, ಬಿಯರ್ ಸುರಿದುಕೊಳ್ಳುತ್ತಾ ಹೇಳಿಸಿ. ಮುಗಿಯಿತು.

ಎರಡು ಕಡೆ ಸಂಗತಿಯೇ ತಪ್ಪಿದೆ. ಯಾಂಕೀಸ್ ಕೊನೆಯ ಸಲ ಗೆದ್ದದ್ದು 2000ದಲ್ಲಿ ಅಂತ ಬರೆದಿದ್ದೀರಿ. ಅಲ್ಲ, 2009ರಲ್ಲಿ. ಅದು ಅವರ 27ನೆಯ ಕಪ್. ಇನ್ನೊಂದು, 2003ರಲ್ಲಿ ರೆಡ್ ಸಾಕ್ಸ್ ಎದೆ ಒಡೆದ ಆ ಹೋಮ್ ರನ್ನನ್ನು ಯಾಂಕೀಸ್‌ನ ಆ್ಯರನ್ ಬೂನ್ ಹೊಡೆದದ್ದು ಪೆಡ್ರೊ ಮಾರ್ಟಿನೆಜ್ ಎಸೆತಕ್ಕಲ್ಲ. ಪೆಡ್ರೊ ಅವತ್ತು ಎಂಟನೇ ಇನ್ನಿಂಗ್‌ನಲ್ಲಿ ಸೋತು ಸುಣ್ಣವಾಗಿದ್ದರು, ನಿಜ. ಆದರೆ ಹನ್ನೊಂದನೇ ಇನ್ನಿಂಗ್‌ನಲ್ಲಿ ಚೆಂಡು ಎಸೆದದ್ದು ಟಿಮ್ ವೇಕ್‌ಫೀಲ್ಡ್. ನಿಮ್ಮ ಪಕ್ಕದ ಮನೆಯವರು ಕನ್ನಡ ಓದುವುದಿಲ್ಲ, ನಿಮ್ಮ ಪುಣ್ಯ. ಓದಿದ್ದರೆ ಅದೊಂದು ಸಾಲಿಗೇ ಮತ್ತೆ ಮನೆಗೆ ಸೇರಿಸುತ್ತಿರಲಿಲ್ಲ.

ಕ್ರಿಕೆಟ್ ಬಗ್ಗೆ ಒಂದು ಮಾತು. ರೆಡ್ ಸಾಕ್ಸ್ ಅಂದರೆ ನಮ್ಮ ಆರ್‌ಸಿಬಿ, ಯಾಂಕೀಸ್ ಅಂದರೆ ಚೆನ್ನೈ, ಫೆನ್‌ವೇ ಪಾರ್ಕ್ ಅಂದರೆ ಚಿನ್ನಸ್ವಾಮಿ ಅಂತ ಪುಟಕ್ಕೆರಡು ಸಲ ಹೇಳುತ್ತೀರಿ. ಓದುಗರಿಗೆ ಸುಲಭವಾಗಲಿ ಅಂತ ಮಾಡಿದ್ದೀರಿ, ಗೊತ್ತು. ಆದರೆ ಹೀಗೆ ಮಾಡಿದಾಗ ನಾನು ಬಾಸ್ಟನ್‌ಗೆ ಹೋಗುವುದೇ ಇಲ್ಲ, ಕಬ್ಬನ್ ಪಾರ್ಕ್ ಪಕ್ಕದಲ್ಲೇ ನಿಂತಿರುತ್ತೇನೆ. ಹೋಲಿಕೆ ನನಗೂ ಹೊಳೆಯಿತು ಅನ್ನಿ. 2019ರ ಐಪಿಎಲ್ ಫೈನಲ್‌ನಲ್ಲಿ ಚೆನ್ನೈ ಒಂದೇ ಒಂದು ರನ್ನಿನಿಂದ ಮುಂಬೈಗೆ ಸೋತಾಗ ನಮ್ಮ ಮನೆಯಲ್ಲಿ ಚಪ್ಪಾಳೆ ಬಿದ್ದಿತ್ತು. ಆ ವರ್ಷ ನಮ್ಮ ಬೆಂಗಳೂರು ತಂಡ ಪಟ್ಟಿಯಲ್ಲಿ ಕಟ್ಟಕಡೆಗಿತ್ತು. ನಾಚಿಕೆ ಅನ್ನುವುದು ಯಾರಿಗೂ ಇರಲಿಲ್ಲ, ನನಗೂ ಕೂಡ. ಇದನ್ನು ನಿಮಗೆ ಖಾಸಗಿಯಾಗಿ ಹೇಳುತ್ತಿದ್ದೇನೆ ಅಷ್ಟೆ. ನಿಮ್ಮ ಬರಹದಲ್ಲಿ ಅದಕ್ಕೆ ಜಾಗವಿಲ್ಲ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯದಿದೆ: 2024ರಲ್ಲಿ ರೆಡ್ ಸಾಕ್ಸ್ ಗೆದ್ದ ಪಂದ್ಯ 81, ಸೋತದ್ದೂ 81. ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಅಂಥ ತಂಡದ ಟೋಪಿ ಹಾಕಿಕೊಂಡು ಇವರು ಫೈನಲ್ ನೋಡಲು ಕೂತಿದ್ದಾರೆ. ನನ್ನ ಒಂದು ಕಣ್ಣು ಹೋದರೂ ಪರವಾಗಿಲ್ಲ, ಪಕ್ಕದವನ ಎರಡೂ ಹೋಗಲಿ ಅನ್ನುವ ಮಾತು ನಮ್ಮಲ್ಲೇ ಇದೆಯಲ್ವಾ. ಇವರದ್ದು ಒಂದು ಕಣ್ಣು ಸೆಪ್ಟೆಂಬರ್‌ನಲ್ಲೇ ಹೋಗಿತ್ತು.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಜಾಗ. ಏಳನೇ ಪುಟದಲ್ಲಿ ಬರೆದಿದ್ದೀರಿ: ‘ಮುನ್ನಡೆಯಲ್ಲಿದ್ದ ಯಾಂಕೀಸ್ ನಂತರ ಕೆಲವು ತಪ್ಪುಗಳನ್ನು ಮಾಡಿ ಪಂದ್ಯ ಕೈಚೆಲ್ಲಿದರು. ಕೋಣೆಯಲ್ಲಿದ್ದವರೆಲ್ಲ ಆನಂದದ ಅಲೆಯಲ್ಲಿ ತೇಲಿದರು.’

ಕೆಲವು ತಪ್ಪುಗಳಾ? ನನಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ನಿಮ್ಮ ಬರಹ ಓದಿದ ಮೇಲೆ ಆ ಐದನೇ ಇನ್ನಿಂಗ್ ಹುಡುಕಿ ನಾಲ್ಕು ಸಲ ನೋಡಿದೆ. ಯಾಂಕೀಸ್ 5-0 ಮುಂದಿದ್ದಾರೆ. ಅವರ ಪಿಚರ್, ಅಂದರೆ ಚೆಂಡು ಎಸೆಯುವವನು, ಗೆರಿಟ್ ಕೋಲ್ ನಾಲ್ಕು ಇನ್ನಿಂಗ್ ಒಂದೂ ಹಿಟ್ ಕೊಟ್ಟಿಲ್ಲ. ಐದನೆಯದರಲ್ಲಿ ಒಬ್ಬ ಹೇಗೋ ಮೊದಲ ಬೇಸ್ ಸೇರುತ್ತಾನೆ. ಮುಂದಿನವನು ಹೊಡೆದ ಚೆಂಡು ಸೀದಾ ಆ್ಯರನ್ ಜಡ್ಜ್ ಕೈಗವಸಿಗೆ ಬರುತ್ತದೆ. ತಂಡದ ನಾಯಕ, ಎತ್ತರದ ಆಳು, ನಿದ್ದೆಯಲ್ಲೂ ಹಿಡಿಯುವಂಥ ಕ್ಯಾಚು. ಬಿಟ್ಟ. ಆಮೇಲೆ ಆಂಟನಿ ವೋಲ್ಪಿ ಮೂರನೇ ಬೇಸ್‌ಗೆ ಎಸೆದದ್ದು ನೆಲಕ್ಕೆ ಬಿದ್ದು ಪುಟಿಯಿತು. ಮೂರೂ ಬೇಸ್ ಭರ್ತಿ, ಔಟ್ ಒಂದೂ ಇಲ್ಲ. ಆದರೂ ಕೋಲ್ ಬಿಡಲಿಲ್ಲ. ಒಬ್ಬನನ್ನು ಔಟ್ ಮಾಡಿದ, ಬೆನ್ನಿಗೇ ಶೊಹೆಯ್ ಒಟಾನಿಯನ್ನೂ. ಮೂರನೆಯವನೂ ಹೋದರೆ ಇನ್ನಿಂಗ್ ಮುಗಿದು ಎಲ್ಲ ಸರಿಹೋಗುತ್ತದೆ. ಮೂಕಿ ಬೆಟ್ಸ್ ಹೊಡೆದ ಚೆಂಡು ಸತ್ತ ಹಾಗೆ ಮೊದಲ ಬೇಸ್ ಕಡೆಗೆ ಉರುಳಿತು. ಅಲ್ಲಿದ್ದ ಆಂಟನಿ ರಿಜೊ ಅದನ್ನು ಎತ್ತಿಕೊಂಡು ನೋಡಿದರೆ ಬೇಸ್ ಹತ್ತಿರ ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ಪಿಚರ್ ಓಡಿಹೋಗಿ ಬೇಸ್ ಮುಟ್ಟಬೇಕು, ಶಾಲೆಯ ಹುಡುಗರಿಗೂ ಕಲಿಸುವ ಪಾಠ ಅದು. ಕೋಲ್ ನಿಂತಲ್ಲೇ ನಿಂತು ಬೆರಳು ತೋರಿಸುತ್ತಿದ್ದ. ಒಂದು ರನ್ ಬಂತು. ಅಲ್ಲಿಂದ ತೂಬು ಕಿತ್ತ ಕೆರೆ. ಫ್ರೆಡ್ಡಿ ಫ್ರೀಮನ್ ಎರಡು ರನ್, ಟೆಯೊಸ್ಕರ್ ಹರ್ನಾಂಡೆಜ್ ಎರಡು ರನ್. 5-5.

ಆ ಕೋಣೆಯಲ್ಲಿ ಆಗ ಏನಾಯಿತು? ನನಗೆ ಅದು ಬೇಕು. ಜಡ್ಜ್ ಕ್ಯಾಚ್ ಬಿಟ್ಟಾಗ ಕೂಗಿದರಾ, ಇಲ್ಲ ನಂಬಲಾಗದೆ ಸುಮ್ಮನಾದರಾ? ಐದು ರನ್ ಹಿಂದಿದ್ದಾಗ ಯಾರಾದರೂ ಮನೆಗೆ ಹೊರಟಿದ್ದರಾ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ವಾಪಸ್ ಬಂದರಾ? ನನ್ನ ಅನುಮಾನ ಹೇಳಲಾ? ಕೋಲ್ ಬೆರಳು ತೋರಿಸಿದ ಕ್ಷಣದಲ್ಲಿ ಒಬ್ಬರಾದರೂ ‘ಅಯ್ಯೋ ಪಾಪ’ ಅಂದಿರುತ್ತಾರೆ. ಜನ್ಮದ ವೈರಿ ಕಾಲು ಜಾರಿ ಬಿದ್ದರೆ ಹಾಲು ಕುಡಿದಷ್ಟು ಖುಷಿ, ಸರಿ. ಆದರೆ ಇಷ್ಟು ವರ್ಷ ಆಟ ನೋಡಿದವರಿಗೆ ಬಿದ್ದದ್ದು ಹೇಗೆ ಅಂತಲೂ ಗೊತ್ತಿರುತ್ತದೆ. ‘ಆನಂದದ ಅಲೆ’ಯಲ್ಲಿ ಇದೆಲ್ಲ ಕೊಚ್ಚಿಕೊಂಡು ಹೋಯಿತು. ಅಲೆ, ಹೊನಲು, ಮುಗಿಲು ಮುಟ್ಟಿದ ಹರ್ಷ, ಇವನ್ನೆಲ್ಲ ತೆಗೆಯಿರಿ. ಏಳು ಜನರಲ್ಲಿ ಒಬ್ಬರ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣ ಏನಾಯಿತು ಅಂತ ಹೇಳಿ ಸಾಕು.

ನಿಮ್ಮ ಎದುರಿಗೇ ಇದ್ದು ನಿಮಗೆ ಕಾಣದೇ ಹೋದದ್ದು ಇನ್ನೊಂದಿದೆ. ಆವತ್ತು ಯಾಂಕೀಸ್ ಮ್ಯಾನೇಜರ್ ಯಾರು? ಅದೇ ಆ್ಯರನ್ ಬೂನ್, ನೀವು ಪೆಡ್ರೊ ಜೊತೆ ಗಂಟು ಹಾಕಿದ ಮನುಷ್ಯ. ಎದುರಿಗೆ ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್. 2004ರಲ್ಲಿ ಇದೇ ಯಾಂಕೀಸ್ ಎದುರಿನ ಸರಣಿಯಲ್ಲಿ 0-3 ಹಿಂದಿದ್ದ ರೆಡ್ ಸಾಕ್ಸ್, ಇನ್ನೇನು ಮನೆಗೆ ಹೋಗಬೇಕು ಅನ್ನುವಾಗ, ಒಂಬತ್ತನೇ ಇನ್ನಿಂಗ್‌ನಲ್ಲಿ ಅವರ ಪರ ಎರಡನೇ ಬೇಸ್ ಕದ್ದು ಓಡಿದವನು ಈ ರಾಬರ್ಟ್ಸೇ. ಅಲ್ಲಿಂದಲೇ ಅವರು ನಾಲ್ಕಕ್ಕೆ ನಾಲ್ಕೂ ಗೆದ್ದರು. ಅಂದರೆ ಬಾಸ್ಟನ್ ಮಂದಿ 20 ವರ್ಷದಿಂದ ಬೈಯುತ್ತಾ ಬಂದವನು ಒಂದು ಕಡೆ, ಕೈಮುಗಿಯುತ್ತಾ ಬಂದವನು ಇನ್ನೊಂದು ಕಡೆ ಕೂತಿದ್ದಾರೆ. ಇದನ್ನು ಕಥೆಯಲ್ಲಿ ಕಟ್ಟಿ ಬರೆದಿದ್ದರೆ ‘ಜಾಸ್ತಿಯಾಯಿತು’ ಅಂತ ನಾನೇ ಹೊಡೆದುಹಾಕುತ್ತಿದ್ದೆ. ನಿಮಗೆ ಪುಕ್ಕಟೆ ಸಿಕ್ಕಿತ್ತು.

ಬೆಟ್ಸ್ ವಿಷಯ ಇನ್ನೂ ನೋವಿನದು. ಅವನು ರೆಡ್ ಸಾಕ್ಸ್ ಬೆಳೆಸಿದ ಹುಡುಗ, 2018ರಲ್ಲಿ ಅವರಿಗೆ ಕಪ್ ಗೆಲ್ಲಿಸಿಕೊಟ್ಟವನು. 2020ರ ಫೆಬ್ರುವರಿಯಲ್ಲಿ ಮಾಲೀಕರು ಅವನನ್ನು ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದವರಲ್ಲಿ ಅಲೆಕ್ಸ್ ವರ್ಡೂಗೊ ಒಬ್ಬ. ಈಗ ಈ ರಾತ್ರಿ ನೋಡಿ. ಎಂಟನೇ ಇನ್ನಿಂಗ್‌ನಲ್ಲಿ ಗೆಲುವಿನ ರನ್ ತಂದುಕೊಟ್ಟವನು ಬೆಟ್ಸ್. ಒಂಬತ್ತನೆಯದರಲ್ಲಿ ಯಾಂಕೀಸ್ ಕಡೆಯಿಂದ ಬ್ಯಾಟ್ ಹಿಡಿದು ನಿಂತು, ಬೀಸಿ, ಚೆಂಡು ತಪ್ಪಿ, ಕೊನೆಯ ಔಟ್ ಆದವನು ವರ್ಡೂಗೊ. ಅಷ್ಟರಲ್ಲಿ ಅವನೂ ಯಾಂಕೀಸ್ ಸೇರಿಯಾಗಿತ್ತು. 7-6. ಯಾಂಕೀಸ್ ಸೋತದ್ದು ಖುಷಿ. ಸೋಲಿಸಿದ್ದು ನಮ್ಮವನು, ಅದೂ ಖುಷಿ. ಆದರೆ ಅವನು ಈಗ ನಮ್ಮವನಲ್ಲ. ಕುಣಿಯುತ್ತಿದ್ದವರ ಮುಖದಲ್ಲಿ ಇದು ಒಂದು ಗಳಿಗೆಯಾದರೂ ಹಾದುಹೋಗಿರಲೇಬೇಕು. ಹಿಂದಿನ ರಾತ್ರಿ ಇಬ್ಬರು ಯಾಂಕೀಸ್ ಅಭಿಮಾನಿಗಳು ಬೆಟ್ಸ್ ಕೈಗವಸಿನೊಳಗಿನ ಚೆಂಡನ್ನೇ ಎಳೆದು ಕಿತ್ತುಕೊಂಡಿದ್ದರಲ್ಲ, ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಮಾತು ಅಂದಾಗ ನೆನಪಾಯಿತು. ನಿಮ್ಮ ಅಮೆರಿಕದವರು ಪಠ್ಯಪುಸ್ತಕದ ಹಾಗೆ ಮಾತಾಡುತ್ತಾರೆ. ಎಲ್ಲರೂ ಒಟ್ಟಾಗಿ ‘ಯಾಂಕೀಸ್ ಹೀನಾಯರು!’ ಎಂದು ಘೋಷಣೆ ಕೂಗಿದರಂತೆ. ನಾನು ಚಹಾ ಚೆಲ್ಲಿಕೊಂಡೆ. ‘ಯಾಂಕೀಸ್ ಸಕ್’ ಅಂತಲೇ ಬಿಡಿ. ಫೆನ್‌ವೇಯಲ್ಲಿ ಎದುರಿಗೆ ಬೇರೆ ಯಾವುದೋ ತಂಡ ಆಡುತ್ತಿದ್ದಾಗಲೂ ಅದನ್ನು ಕೂಗುತ್ತಾರೆ. ನಮ್ಮ ಓದುಗರಿಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೂ ದನಿ ಕೇಳಿಸುತ್ತದೆ.

ಒಂಬತ್ತನೇ ಪುಟದಲ್ಲಿ ‘ವಿಜ್ಞಾನಿಗಳ ಪ್ರಕಾರ’ ಅಂತ ಶುರುವಾಗುವ ಭಾಗ ಬೇಡ. ಅಧ್ಯಯನ ನಿಜವೇ. 2011ರಲ್ಲಿ ಪ್ರಕಟವಾಯಿತು, ಇದೇ ಎರಡು ತಂಡಗಳ ಅಭಿಮಾನಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ವೈರಿ ತಂಡ ಮೂರನೆಯ ತಂಡದ ಎದುರು ಎಡವಿದಾಗಲೂ ಖುಷಿಯ ಭಾಗ ಚುರುಕಾಯಿತು. ಆದರೆ ಸ್ಕ್ಯಾನ್ ಮಾಡಿ ನೋಡಿದ್ದು ನಿಮ್ಮ ಕಣ್ಣೆದುರೇ ಸೋಫಾ ಮೇಲೆ ನಡೆಯುತ್ತಿದೆಯಲ್ಲ. ಅದನ್ನು ಬಿಟ್ಟು ಪ್ರಯೋಗಾಲಯಕ್ಕೆ ಯಾಕೆ ಹೋಗುತ್ತೀರಿ?

ಇನ್ನು ನೀವು. ಈ ಬರಹದಲ್ಲಿ ನೀವು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದೀರಿ. ‘ಪರರ ಸೋಲಿನಲ್ಲಿ ಸುಖ ಕಾಣುವ ಸಣ್ಣತನ’ ಅಂತ ಎರಡು ಸಲ ಬರೆದಿದ್ದೀರಿ. ಕೊನೆಯ ಪ್ಯಾರಾ ಪೂರ್ತಿ ಉಪದೇಶ. ಆದರೆ ಹತ್ತನೇ ಪುಟದಲ್ಲಿ, ಬಾಯಿ ತಪ್ಪಿ ಬಂದ ಹಾಗೆ, ಒಂದು ಸಾಲಿದೆ: ‘ವರ್ಡೂಗೊ ಔಟಾದಾಗ ನಾನೂ ಎದ್ದು ನಿಂತಿದ್ದೆ, ಯಾಕೋ ಗೊತ್ತಿಲ್ಲ.’ ಅಲ್ಲಾ, ಬರಹ ಇರುವುದೇ ಅಲ್ಲಿ! ಐದು ವರ್ಷದ ಹಿಂದೆ ಬಂದವರು, ಯಾಂಕೀಸ್ ನಿಮಗೆ ಏನು ಅನ್ಯಾಯ ಮಾಡಿದ್ದಾರೆ? ಒಂದು ಊರಿಗೆ ಸೇರಿಕೊಳ್ಳುವಾಗ ಅಲ್ಲಿನ ಪ್ರೀತಿಗಿಂತ ಮೊದಲು ಅಲ್ಲಿನ ಜಗಳ ನಮ್ಮದಾಗುತ್ತದಾ? ನನಗೆ ಉತ್ತರ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಇರಲಿ. ಉಪದೇಶ ತೆಗೆದು, ಎದ್ದು ನಿಂತದ್ದನ್ನು ಉಳಿಸಿ.

ಕೊನೆಗೆ ಎಂಟನೇ ಪುಟ. ಆ ನಾಲ್ಕು ಸಾಲನ್ನು ನಾನು ಹಾಗೇ ಇಲ್ಲಿ ಬರೆದುಕೊಳ್ಳುತ್ತೇನೆ:

‘ಮುದುಕರು ಟಿವಿಯ ಸದ್ದು ನಿಲ್ಲಿಸಿದರು. ಕನೆಕ್ಟಿಕಟ್‌ನಲ್ಲಿರುವ ಅತ್ತಿಗೆಗೆ ಫೋನ್ ಮಾಡಿದರು. ಒಂದು ಮಾತೂ ಆಡದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಇಟ್ಟುಬಿಟ್ಟರು. (ಅವರು ಯಾಂಕೀಸ್ ಕಡೆಯವರು. 1978ರಿಂದ ಇಬ್ಬರ ನಡುವೆ ಇದು ನಡೆಯುತ್ತಿದೆಯಂತೆ.)’

ಇದನ್ನು ಆವರಣದೊಳಗೆ ಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು? ‘ಅತ್ತಿಗೆ’ ಅಂದಿರಲ್ಲ, ಅದೊಂದು ಪದಕ್ಕೆ ಕನೆಕ್ಟಿಕಟ್ ನಮ್ಮ ಪಕ್ಕದ ಬೀದಿಗೆ ಬಂತು. ಎರಡು ಊರಿನ ನಡುವೆ ಸಿಕ್ಕಿಕೊಂಡ ರಾಜ್ಯ ಅದು, ಅರ್ಧ ಮನೆಗಳು ಆ ಕಡೆ, ಅರ್ಧ ಈ ಕಡೆ. 1978ರ ಅಕ್ಟೋಬರ್ 2ರಂದು ಫೆನ್‌ವೇಯಲ್ಲೇ, ಹೋಮ್ ರನ್ನಿಗೆ ಹೆಸರೇ ಇಲ್ಲದ ಬಕಿ ಡೆಂಟ್ ಅನ್ನುವವನು ಚೆಂಡನ್ನು 37 ಅಡಿಯ ಆ ಹಸಿರು ಗೋಡೆಯಾಚೆ ಹೊಡೆದು ರೆಡ್ ಸಾಕ್ಸ್ ಬಾಯಿಗೆ ಮಣ್ಣು ಹಾಕಿದ. ಆವತ್ತು ಫೋನ್ ಮಾಡಿದವರು ಅತ್ತಿಗೆಯೇ ಇರಬೇಕು. 2003ರಲ್ಲಿ ಬೂನ್ ಹೊಡೆದ ರಾತ್ರಿಯೂ ಅವರದೇ ಸರದಿ. ಒಂಬತ್ತು ದಿನ ಕಳೆದು ಯಾಂಕೀಸ್ ಫೈನಲ್‌ನಲ್ಲಿ ಫ್ಲೋರಿಡಾ ಮಾರ್ಲಿನ್ಸ್‌ಗೆ ಸೋತಾಗ ಇವರು ತಿರುಗಿಸಿ ಮಾಡಿದರಾ? 2004ರಲ್ಲಿ? 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಮರುದಿನ ಯಾಂಕೀಸ್ ಮೈದಾನದಲ್ಲಿ ಫೆನ್‌ವೇಯವರ ಹಾಡು ಹಾಕಿದ್ದರು. ಆ ರಾತ್ರಿ ಯಾರು ಯಾರಿಗೆ ಫೋನ್ ಮಾಡಿದರು? ಮಾತಾಡಿದರಾ, ಆವತ್ತೂ ಸುಮ್ಮನೇ ಹಿಡಿದುಕೊಂಡಿದ್ದರಾ?

ಇವುಗಳಲ್ಲಿ ಒಂದಕ್ಕೂ ನೀವು ಉತ್ತರ ಬರೆದಿಲ್ಲ, ಯಾಕೆಂದರೆ ಕೇಳಿಯೇ ಇಲ್ಲ. ಪಕ್ಕದ ಮನೆ, ನಡುವೆ ಬೇಲಿಯಷ್ಟೇ. ಹೋಗಿ ಕೂತು ಕೇಳಿ. ಬರಿಗೈಯಲ್ಲಿ ಹೋಗಬೇಡಿ, ಚಕ್ಕುಲಿಯೋ ಕೋಡುಬಳೆಯೋ ಏನಾದರೂ ಹಿಡಿದುಕೊಂಡು ಹೋಗಿ. ಹನ್ನೊಂದು ಪುಟ ಬೇಡ, ಐದು ಸಾಕು. ಅವಸರವಿಲ್ಲ, ಎರಡು ತಿಂಗಳು ಬೇಕಾದರೂ ತೆಗೆದುಕೊಳ್ಳಿ. 2024ರ ಆ ರಾತ್ರಿ ಆ ಕಡೆ ಅತ್ತಿಗೆ ಫೋನ್ ಎತ್ತಿದರಾ, ಅಥವಾ ಯಾರದ್ದು ಅಂತ ಗೊತ್ತಿದ್ದೇ ರಿಂಗಾಗಲು ಬಿಟ್ಟರಾ ಅನ್ನುವುದನ್ನು ಮಾತ್ರ ಮರೆಯದೆ ಕೇಳಿಕೊಂಡು ಬನ್ನಿ.