ಚರ್ಮದ ಮಾತು: ‘ಲೈಟ್’ ಚಿಕಿತ್ಸೆಯ ಲೆಕ್ಕಾಚಾರ

ಪ್ರಶ್ನೆ: ನನಗೆ 46 ವರ್ಷ. ಬೆನ್ನು, ಹೊಟ್ಟೆ, ತೊಡೆಯ ಮೇಲೆ ಸೋರಿಯಾಸಿಸ್ ಇದೆ. ವಾರಕ್ಕೆ ಮೂರು ದಿನ ದಾವಣಗೆರೆಗೆ ಬಂದು ಲೈಟ್ ತಗೊಳ್ಳಿ ಎಂದಿದ್ದಾರೆ. ಮೊದಲ ದಿನ ಪೆಟ್ಟಿಗೆಯಂಥದ್ದರೊಳಗೆ ನಿಲ್ಲಿಸಿ ಒಂದೇ ನಿಮಿಷಕ್ಕೆ ಹೊರಗೆ ಕಳಿಸಿದರು. ಇಷ್ಟಕ್ಕೆ ಬಸ್ ಹತ್ತಿ ಬರಬೇಕಾ ಡಾಕ್ಟ್ರೇ? ನಮ್ಮ ಕಡೆ ಬಿಸಿಲಿಗೇನು ಬರವಿಲ್ಲ.
– ಓದುಗರು, ಜಗಳೂರು

ಉತ್ತರ: ಬಿಸಿಲಿಗೆ ಬರವಿಲ್ಲ ನಿಜ, ಆದರೆ ಅದಕ್ಕೆ ಅಳತೆಯೂ ಇಲ್ಲ. ಆ ಪೆಟ್ಟಿಗೆಯ ಟ್ಯೂಬ್‌ಗಳು ಹೆಚ್ಚುಕಡಿಮೆ 311ರಿಂದ 313 ನ್ಯಾನೋಮೀಟರಿನ ನೇರಳಾತೀತ ಕಿರಣವನ್ನಷ್ಟೇ ಬಿಡುತ್ತವೆ. ಇದೇ ನ್ಯಾರೋಬ್ಯಾಂಡ್ ಯುವಿಬಿ. ಬಿಸಿಲಿನಲ್ಲಿ ಇದರ ಜೊತೆ ಬೇಡದ ಕಿರಣಗಳೂ ಇರುತ್ತವೆ. ಹೊತ್ತು, ಮೋಡ, ತಿಂಗಳು ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ನಿನ್ನೆ ಎಷ್ಟು ಬಿತ್ತೆಂದು ಗೊತ್ತಿಲ್ಲದೆ ಇವತ್ತು ಎಷ್ಟು ಹೆಚ್ಚಿಸಬೇಕೆಂದು ಹೇಳಲಾಗದು.

ನಿಮಿಷವನ್ನು ನೋಡಿ ಅಳೆಯಬೇಡಿ, ಮಿಲಿಜೂಲ್ ನೋಡಿ. ಚರ್ಮದ ಮೇಲೆ ಬಿದ್ದ ಕಿರಣದ ಶಕ್ತಿಯ ಅಳತೆ ಅದು. ಮೊದಲ ದಿನ ಚದರ ಸೆಂಟಿಮೀಟರಿಗೆ 300 ಮಿಲಿಜೂಲ್ ಎಂದು ಬರೆದಿದ್ದಾರೆ, ಟ್ಯೂಬ್‌ಗಳ ತೀವ್ರತೆ 5 ಮಿಲಿವ್ಯಾಟ್, ಅಂದರೆ ಸೆಕೆಂಡಿಗೆ 5 ಮಿಲಿಜೂಲ್, ಇದೆ ಎಂದುಕೊಳ್ಳಿ. 300 ಭಾಗಿಸು 5, ಅಲ್ಲಿಗೆ 60 ಸೆಕೆಂಡು. ಟ್ಯೂಬ್ ಹಳೆಯದಾಗಿ ತೀವ್ರತೆ 3ಕ್ಕೆ ಇಳಿದರೆ ಅದೇ ಡೋಸಿಗೆ 100 ಸೆಕೆಂಡು ಬೇಕು. ಎಡವಟ್ಟಾಗುವುದೂ ಇಲ್ಲೇ: ಹೊಸ ಟ್ಯೂಬ್ ಹಾಕಿದ ಮೇಲೂ ಹಳೇ ನಿಮಿಷದ ಲೆಕ್ಕದಲ್ಲೇ ನಿಲ್ಲಿಸಿದರೆ ಮೈ ಸುಡುತ್ತದೆ. ಆದ್ದರಿಂದ ನಿಮ್ಮ ಕಾರ್ಡಿನಲ್ಲಿ ಪ್ರತಿ ಸಲವೂ ಮಿಲಿಜೂಲ್ ಬರೆಸಿಕೊಳ್ಳಿ. ಊರು ಬದಲಾಯಿಸಿ ಬೇರೆ ಆಸ್ಪತ್ರೆಗೆ ಹೋದರೂ ಆ ಅಂಕಿಯೇ ಕೆಲಸಕ್ಕೆ ಬರುವುದು.

ಒಳಗೆ ಹೋಗುವ ಮುಂಚೆ ಹಕ್ಕಳೆಯ ಮೇಲೆ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಕಿರಣ ಚೆನ್ನಾಗಿ ಇಳಿಯುತ್ತದೆ. ವ್ಯಾಸಲಿನ್ ಮೆತ್ತಿದರೆ, ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮು ಹಚ್ಚಿದರೆ ಕಿರಣ ಅಲ್ಲೇ ತಡೆದುಹೋಗುತ್ತದೆ. ಅವನ್ನು ಲೈಟ್ ಆದ ಮೇಲೆ ಹಚ್ಚಿ. ಕಣ್ಣಿಗೆ ಅವರು ಕೊಡುವ ಕನ್ನಡಕ ಕಡ್ಡಾಯ, ಗಂಡಸರು ಗುಪ್ತಾಂಗ ಮುಚ್ಚಲೇಬೇಕು. ಮುಖದಲ್ಲಿ ಕಾಯಿಲೆ ಇಲ್ಲದಿದ್ದರೆ ಅದನ್ನೂ ಮುಚ್ಚಿ. ಇನ್ನೊಂದು, ಸಣ್ಣದೆನಿಸುವ ಮಾತು: ಪ್ರತಿ ಸಲ ಒಂದೇ ಅಳತೆಯ ಒಳಚಡ್ಡಿ ಹಾಕಿ. ಹತ್ತು ಸಲ ಉದ್ದದ್ದು ಹಾಕಿ ಹನ್ನೊಂದನೇ ಸಲ ಗಿಡ್ಡದ್ದು ಹಾಕಿದರೆ, ಅಲ್ಲಿಯವರೆಗೆ ಮುಚ್ಚಿದ್ದ ಚರ್ಮಕ್ಕೆ ಒಮ್ಮೆಲೇ ಹನ್ನೊಂದನೇ ದಿನದ ಡೋಸ್ ಬೀಳುತ್ತದೆ.

ಡೋಸನ್ನು ಸಾಮಾನ್ಯವಾಗಿ ಸಲಕ್ಕೆ ಶೇ. 10ರಿಂದ 20ರಷ್ಟು ಏರಿಸುತ್ತಾರೆ. ಮೊದಲು ಹೊಟ್ಟು ತೆಳುವಾಗುತ್ತದೆ, ಆಮೇಲೆ ದಪ್ಪ ಇಳಿಯುತ್ತದೆ. 20ರಿಂದ 36 ಸಿಟಿಂಗ್ ಬೇಕಾಗಬಹುದು. ಮೈ ಸ್ವಲ್ಪ ಕಪ್ಪಾಗುತ್ತದೆ. ನಿಲ್ಲಿಸಿದ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ತಲೆಬುರುಡೆಗೆ ಮಾತ್ರ ಇದರಿಂದ ಹೆಚ್ಚು ಲಾಭವಿಲ್ಲ, ಕೂದಲೇ ಅಡ್ಡ.

ಪ್ರಶ್ನೆ: ತೊನ್ನಿಗೆ ಲೈಟ್ ತಗೊಳ್ತಿದ್ದೆ. ನಾಯಕನಹಟ್ಟಿ ಜಾತ್ರೆ, ಮನೆಯಲ್ಲಿ ಮದುವೆ ಅಂತ 12 ದಿನ ತಪ್ಪಿತು. ಮತ್ತೆ ಹೋದಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿಗೆ ಮಚ್ಚೆಗಳೆಲ್ಲ ಕೆಂಪಾಗಿ ಉರಿ.
– ಓದುಗರು, ಚಳ್ಳಕೆರೆ

ಉತ್ತರ: ಬಿಡುವು ಬಿದ್ದಷ್ಟೂ ಚರ್ಮ ಗಳಿಸಿಕೊಂಡ ತಡೆಯುವ ಶಕ್ತಿ ಇಳಿಯುತ್ತದೆ. ತೊನ್ನಿಗೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ: 4ರಿಂದ 7 ದಿನ ತಪ್ಪಿದರೆ ಹಿಂದಿನ ಡೋಸೇ, 8ರಿಂದ 14 ದಿನವಾದರೆ ಕಾಲುಭಾಗ ಕಡಿತ, 15ರಿಂದ 21 ದಿನವಾದರೆ ಅರ್ಧ, ಅದಕ್ಕೂ ಮೀರಿದರೆ ಮೊದಲಿನಿಂದ. ನೀವು 800 ಮಿಲಿಜೂಲ್‌ಗೆ ಬಂದಿದ್ದರೆ 600ಕ್ಕೆ ಇಳಿಸಬೇಕಿತ್ತು. ಕೇಳಬೇಕಾದ್ದು ಅವರ ಕೆಲಸ, ಒಪ್ಪೋಣ. ಆದರೆ ಉರಿ ನಿಮಗೆ, ಹಾಗಾಗಿ ಬಾಗಿಲಲ್ಲೇ ನೀವೇ ಹೇಳಿ. ಡಾಕ್ಸಿಸೈಕ್ಲಿನ್‌ನಂಥ ಹೊಸ ಮಾತ್ರೆ ಶುರುವಾಗಿದ್ದರೂ ಹೇಳಿ, ಕೆಲವು ಔಷಧಿಗಳು ಚರ್ಮವನ್ನು ಬೆಳಕಿಗೆ ನಾಜೂಕು ಮಾಡುತ್ತವೆ.

ಸುಟ್ಟ ಕೆಂಪು ಕೂಡಲೇ ಕಾಣುವುದಿಲ್ಲ, ಕೆಲವು ಗಂಟೆ ಬಿಟ್ಟು ಏರುತ್ತದೆ. ಮಚ್ಚೆ ತಿಳಿಗುಲಾಬಿಯಾಗಿ 24 ಗಂಟೆಯೊಳಗೆ ಮಾಯವಾದರೆ ಅದು ಸರಿಯಾದ ಡೋಸಿನ ಗುರುತು. ನೋವು, ಗುಳ್ಳೆ ಇದ್ದರೆ ವಾಸಿಯಾಗುವವರೆಗೆ ಲೈಟ್ ಬೇಡ. ಆಮೇಲೆ ಸುಡದೆ ತಡೆದುಕೊಂಡ ಹಿಂದಿನ ಡೋಸಿನಿಂದ ಶುರು ಮಾಡುತ್ತಾರೆ. ಸದ್ಯಕ್ಕೆ ತಣ್ಣೀರಿನ ಬಟ್ಟೆ ಹಾಕಿ, ವೈದ್ಯರಿಗೆ ತೋರಿಸಿ. ಗುಳ್ಳೆ ಒಡೆಯಬೇಡಿ.

ಪ್ರಶ್ನೆ: ಮಗಳಿಗೆ ಕೆನ್ನೆಯಲ್ಲೂ ಬೆರಳ ತುದಿಯಲ್ಲೂ ಬಿಳಿ ಮಚ್ಚೆ. 20 ಸಿಟಿಂಗ್ ಆಯಿತು. ಕೆನ್ನೆಯಲ್ಲಿ ಚುಕ್ಕಿ ಬಂದಿವೆ, ಬೆರಳಲ್ಲಿ ಏನೂ ಇಲ್ಲ. ಪಕ್ಕದ ಮನೆಯವರು ಬಾವಂಚಿ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂರಿಸಿ ಅಂತಾರೆ.
– ಓದುಗರು, ಹೊಸದುರ್ಗ

ಉತ್ತರ: ಆ ಚುಕ್ಕಿಗಳೇ ಒಳ್ಳೆಯ ಸುದ್ದಿ. ಬಣ್ಣ ತಯಾರಿಸುವ ಜೀವಕೋಶಗಳು ಉಳಿದುಕೊಂಡಿರುವುದು ಕೂದಲ ಬುಡದಲ್ಲಿ. ಅಲ್ಲಿಂದ ಅವು ಹೊರಬಂದು ಹರಡುತ್ತವೆ, ಅದಕ್ಕೇ ಮೊದಲು ಎಳ್ಳಿನಂಥ ಚುಕ್ಕಿ. ಮುಖದಲ್ಲಿ ಕೂದಲ ಬುಡ ಹೆಚ್ಚು, ಬೆರಳ ತುದಿಯಲ್ಲಿ ಇಲ್ಲವೇ ಇಲ್ಲ. ಬೆರಳು, ತುಟಿ, ಪಾದ ಮೊಂಡು. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಇನ್ನೂ ಕಷ್ಟ. ಆದರೂ 20ಕ್ಕೇ ತೀರ್ಪು ಕೊಡಬೇಡಿ. ಕನಿಷ್ಠ 48 ಸಿಟಿಂಗ್ ನೋಡಿ, ಕೆಲವರಿಗೆ 72 ಬೇಕಾಗುತ್ತದೆ. ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣದು.

ಬಾವಂಚಿಯನ್ನು ಸುಳ್ಳು ಔಷಧಿ ಎನ್ನಲಾರೆವು. ಅದರಲ್ಲಿ ಚರ್ಮವನ್ನು ಬೆಳಕಿಗೆ ನಾಜೂಕು ಮಾಡುವ ಸೊರಾಲೆನ್ ಎಂಬ ವಸ್ತು ಇದೆ. ವೈದ್ಯರು ಬರೆಯುವ ಸೊರಾಲೆನ್ ಮಾತ್ರೆಯೂ ಅದೇ ಜಾತಿಯದ್ದು. ತೊಂದರೆ ಇರುವುದು ಪ್ರಮಾಣದಲ್ಲಿ. ಎಣ್ಣೆಯಲ್ಲಿ ಎಷ್ಟಿದೆ ಗೊತ್ತಿಲ್ಲ, ಬಿಸಿಲು ಎಷ್ಟು ಗೊತ್ತಿಲ್ಲ. ಎರಡೂ ಸೇರಿದರೆ ಬೊಬ್ಬೆ ಏಳುತ್ತದೆ. ಸುಟ್ಟ ಜಾಗದಲ್ಲಿ ತೊನ್ನು ಇನ್ನಷ್ಟು ಹಬ್ಬಲೂಬಹುದು. ಲೈಟ್ ನಡೆಯುತ್ತಿರುವಾಗಂತೂ ಬೇಡವೇ ಬೇಡ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಯುವಿ ಲ್ಯಾಂಪ್ ಕಡಿಮೆ ಬೆಲೆಗೆ ಸಿಗುತ್ತೆ. ತರಿಸಿಕೊಂಡರೆ ಓಡಾಟ ತಪ್ಪುತ್ತಲ್ಲ? ಮೊಸರು, ಮೀನು ಬಿಡಬೇಕಾ?
– ಓದುಗರು, ಹರಿಹರ

ಉತ್ತರ: ಮನೆಯಲ್ಲಿ ಬಳಸುವ ಕೈ ಯಂತ್ರಗಳು ಇವೆ, ಆದರೆ ಅವು 311 ನ್ಯಾನೋಮೀಟರಿನವಾಗಿರಬೇಕು. ಉಗುರು ಬಣ್ಣ ಒಣಗಿಸುವ ಲ್ಯಾಂಪಿನಿಂದ ಈ ಕೆಲಸ ಆಗದು. ನೀರು, ಕೋಣೆಯ ರೋಗಾಣು ಕೊಲ್ಲುವ 254 ನ್ಯಾನೋಮೀಟರಿನ ದೀಪವನ್ನಂತೂ ಮೈಗೆ ಹಿಡಿಯಲೇಬೇಡಿ, ಕಣ್ಣು ಚರ್ಮ ಎರಡೂ ಸುಡುತ್ತವೆ. ಆಸ್ಪತ್ರೆಯಲ್ಲಿ ನಿಮ್ಮ ಡೋಸ್ ಒಂದು ಮಟ್ಟಕ್ಕೆ ನಿಂತ ಮೇಲೆ, ಅವರೇ ಯಂತ್ರದ ತೀವ್ರತೆ ನೋಡಿ ಸೆಕೆಂಡು ಬರೆದುಕೊಟ್ಟರೆ ಮಾತ್ರ ಕೊಳ್ಳಿ.

ಮೊಸರು, ಮೀನು ತಿನ್ನಿ.