ಮೌಂಟ್ ಆಗದ ಡಿಸ್ಕ್, ಕಾಣೆಯಾದ ಕಡತಗಳು

ಪ್ರಶ್ನೆ: ನಮ್ಮ ಕಾಲೇಜಿನ ಲಿನಕ್ಸ್ ಸರ್ವರ್‌ಗೆ ಹೊಸದೊಂದು ಡಿಸ್ಕ್ ಜೋಡಿಸಿ ರೀಸ್ಟಾರ್ಟ್ ಮಾಡಿದ ಮೇಲೆ ‘ಡೇಟಾ’ ಫೋಲ್ಡರಿನ ಹಳೆಯ ಕಡತಗಳೆಲ್ಲ ಮಾಯವಾಗಿವೆ. ವಿದ್ಯಾರ್ಥಿಗಳು ಆಮೇಲೆ ಉಳಿಸಿದವು ಮಾತ್ರ ಕಾಣುತ್ತಿವೆ. ಹಳೆಯವು ಅಳಿಸಿಹೋದವೇ? ಮತ್ತೆ ಹೀಗಾಗದಂತೆ ಸೆಫ್‌ನಂತಹ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್ (ಕಡತಗಳನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ವ್ಯವಸ್ಥೆ) ಅಳವಡಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಳಿಸಿಹೋಗಿರುವ ಸಾಧ್ಯತೆ ಕಡಿಮೆ, ಹಳೆಯ ಡಿಸ್ಕ್ ಮೌಂಟ್ ಆಗಿಲ್ಲವೆಂದೇ ತೋರುತ್ತದೆ. ಮೌಂಟ್ ಮಾಡುವುದೆಂದರೆ ಡಿಸ್ಕಿನೊಳಗಿನ ಫೈಲ್ ಸಿಸ್ಟಮನ್ನು ಈಗಾಗಲೇ ಇರುವ ಒಂದು ಫೋಲ್ಡರಿನ ಮೇಲೆ ಕೂರಿಸುವುದು. ಹಾಗೆ ಕೂತಿರುವಷ್ಟು ಹೊತ್ತು ಆ ಫೋಲ್ಡರಿನಲ್ಲಿ ಮೊದಲೇ ಇದ್ದದ್ದು ಮರೆಯಾಗಿರುತ್ತದೆ; ಕೂರದಿದ್ದರೆ ಅದು ಸಾಮಾನ್ಯ ಫೋಲ್ಡರಾಗಿಯೇ ಉಳಿದು, ಅಲ್ಲಿ ಬರೆದದ್ದೆಲ್ಲ ಯಾವ ಎಚ್ಚರಿಕೆಯೂ ಇಲ್ಲದೆ ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿಗೆ ಸೇರುತ್ತದೆ.

ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿಯಿರುವ ನಿಮ್ಮ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಹಳೆಯ ಡಿಸ್ಕನ್ನು ‘ಎಸ್‌ಡಿಬಿ1’ ಎಂದು ನಮೂದಿಸಿರಬೇಕು. ಲಿನಕ್ಸಿನ ತಿರುಳಾದ ಕರ್ನಲ್ ಈ ಹೆಸರುಗಳನ್ನು ಡಿಸ್ಕುಗಳು ಪತ್ತೆಯಾದ ಕ್ರಮದಲ್ಲಿ ಕೊಡುವುದರಿಂದ, ಹೊಸ ಡಿಸ್ಕ್ ಆ ಹೆಸರನ್ನು ಪಡೆದು ಹಳೆಯದು ‘ಎಸ್‌ಡಿಸಿ1’ ಆಗಿರಬಹುದು. ಜೊತೆಗೆ ‘ನೋಫೇಲ್’ ಆಯ್ಕೆಯೂ ಇದ್ದರೆ, ಮೌಂಟ್ ವಿಫಲವಾದರೂ ಸರ್ವರ್ ಏನೂ ಆಗಿಲ್ಲವೆಂಬಂತೆ ಬೂಟ್ ಆಗುತ್ತದೆ.

ಮೊದಲು, ಯಾವುದು ಎಲ್ಲಿ ಮೌಂಟ್ ಆಗಿದೆಯೆಂದು ತೋರಿಸುವ ‘ಫೈಂಡ್‌ಎಂಎನ್‌ಟಿ’ ಆದೇಶದಿಂದ ಇದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ, ಹಳೆಯ ಡಿಸ್ಕನ್ನು ಮೌಂಟ್ ಮಾಡುವ ಮುನ್ನವೇ, ವಿದ್ಯಾರ್ಥಿಗಳ ಹೊಸ ಕಡತಗಳನ್ನು ಬೇರೆಡೆಗೆ ಸಾಗಿಸಿ. ಇಲ್ಲವಾದರೆ ಅವು ಅಡಿಯಲ್ಲಿ ಸಿಲುಕಿ, ಕಣ್ಣಿಗೆ ಕಾಣದೆಯೇ ಜಾಗ ತಿನ್ನುತ್ತವೆ. ‘ಎಫ್‌ಎಸ್‌ಟ್ಯಾಬ್’ನಲ್ಲಿ ಹೆಸರಿನ ಬದಲು ಯುಯುಐಡಿ (ಫೈಲ್ ಸಿಸ್ಟಮ್‌ನ ಬದಲಾಗದ ಗುರುತು) ಬರೆದು, ರೀಸ್ಟಾರ್ಟ್ ಮಾಡದೆಯೇ, ಆ ಪಟ್ಟಿಯಲ್ಲಿರುವುದನ್ನು ಮೌಂಟ್ ಮಾಡುವ ‘ಮೌಂಟ್ -ಎ’ ಆದೇಶ ಕೊಟ್ಟು ಪರೀಕ್ಷಿಸಿ. ಮೌಂಟ್ ಆಗಿಲ್ಲದ ಹೊತ್ತಿನಲ್ಲಿ, ಖಾಲಿ ಫೋಲ್ಡರಿಗೆ ‘ಚಾಟರ್ +ಐ’ ಆದೇಶದಿಂದ, ಏನನ್ನೂ ಬದಲಿಸಲಾಗದಂತೆ ಬೀಗ ಹಾಕಿಡುವುದು ನನಗೆ ಬಹಳ ಮೆಚ್ಚಿನ ಕ್ರಮ. ಮುಂದೆ ಮೌಂಟ್ ತಪ್ಪಿದರೆ ಅಲ್ಲಿ ಸರ್ವಾಧಿಕಾರವಿರುವ ರೂಟ್ ಬಳಕೆದಾರ ಕೂಡ ಬರೆಯಲಾಗದು, ದೋಷ ಕೂಡಲೇ ಬಯಲಾಗುತ್ತದೆ.

ಸೆಫ್ ಈ ತೊಂದರೆಗೆ ಮದ್ದಲ್ಲ, ಏಕೆಂದರೆ ಅದರ ಫೈಲ್ ಸಿಸ್ಟಮನ್ನೂ ಬಳಸುವ ಕಡೆಯ (ಕ್ಲೈಂಟ್) ಯಂತ್ರದಲ್ಲಿ ಮೌಂಟ್ ಮಾಡಲೇಬೇಕು. ಅದು ರೂಢಿಯಲ್ಲಿ ದತ್ತಾಂಶದ 3 ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿಟ್ಟು, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಆದರೆ ಯಾರಾದರೂ ಕಡತವನ್ನು ಅಳಿಸಿದರೆ ಮೂರೂ ಪ್ರತಿಗಳು ಹೋಗುತ್ತವೆ, ಆದ್ದರಿಂದ ಬ್ಯಾಕಪ್ ಬೇರೆಯೇ ಬೇಕು. ಒಂದೇ ಸರ್ವರ್ ಇರುವಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ (ಸರ್ವರಿನ ಫೋಲ್ಡರನ್ನು ಜಾಲದ ಮೂಲಕ ಬೇರೆ ಯಂತ್ರಗಳಿಗೆ ಒದಗಿಸುವ ವ್ಯವಸ್ಥೆ) ಧಾರಾಳವಾಗಿ ಸಾಕು. ಲ್ಯಾಬಿನ ಯಂತ್ರಗಳಲ್ಲಿ ಅದನ್ನು ‘ಹಾರ್ಡ್’ ಆಯ್ಕೆಯಲ್ಲೇ ಮೌಂಟ್ ಮಾಡಿ: ಸರ್ವರ್ ನಿಂತಾಗ ಪ್ರೋಗ್ರಾಮುಗಳು ಕಾಯುತ್ತಾ ಕೂರುತ್ತವೆ ನಿಜ, ಆದರೆ ‘ಸಾಫ್ಟ್’ನಲ್ಲಿ ಬರವಣಿಗೆ ಅರ್ಧಕ್ಕೇ ಕೈಬಿಟ್ಟುಹೋಗಿ ಕಡತ ಕೆಡುವ ಅಪಾಯವಿದೆ.