ಅಜ್ಜನ ಆರು ಎಕರೆ, ಇಬ್ಬರು ಅಜ್ಜಿಯರು

ಪ್ರಶ್ನೆ: ನಮ್ಮಜ್ಜ 1972ರಲ್ಲಿ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಅವರೇ ಕ್ರಯಕ್ಕೆ ತಗೊಂಡಿದ್ದ 6 ಎಕರೆಯ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಇಬ್ಬರು ಹೆಂಡತಿಯರು, ಎರಡನೇ ಮದುವೆ 1953ರಲ್ಲಿ ಆಗಿದ್ದು. ಮೊದಲನೆಯವರು ನಮ್ಮಜ್ಜಿ, ಅಜ್ಜ ಹೋಗಿ ಎಷ್ಟೋ ವರ್ಷದ ಮೇಲೆ ತೀರಿಕೊಂಡರು. ಅವರಿಗೆ ನಮ್ಮಪ್ಪ ಒಬ್ಬರೇ ಮಗ. ಚಿಕ್ಕಜ್ಜಿ ಇದ್ದಾರೆ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಒಬ್ಬೊಬ್ಬ ಹೆಂಡತಿ ಕಡೆಗೆ ಅರ್ಧರ್ಧ, ನಿಮಗೆ 3 ಎಕರೆ ಅಂತ ಊರಲ್ಲಿ ಹೇಳ್ತಾರೆ. ಸರಿನಾ?
– ಓದುಗರು, ಅರಕಲಗೂಡು ತಾಲ್ಲೂಕು

ಉತ್ತರ: ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 10ನೇ ಕಲಂ ಪ್ರಕಾರ ಹೆಂಡತಿಯರು ಎಷ್ಟೇ ಜನ ಇರಲಿ, ಎಲ್ಲರಿಗೂ ಸೇರಿ ಒಂದೇ ಪಾಲು. ಮಕ್ಕಳಿಗೆ ತಲೆಗೊಂದು ಪಾಲು. ನಿಮ್ಮಲ್ಲಿ ಮಕ್ಕಳು ಐವರು, ಅಜ್ಜಿಯರದ್ದು ಒಂದು, ಒಟ್ಟು ಆರು ಪಾಲು. ನಿಮ್ಮ ತಂದೆಗೆ 1 ಎಕರೆ, ಚಿಕ್ಕಪ್ಪಂದಿರಿಗೂ ಅತ್ತೆಯಂದಿರಿಗೂ ತಲಾ 1 ಎಕರೆ, ಅಜ್ಜಿಯರಿಗೆ 20 ಗುಂಟೆಯಂತೆ. ನಿಮ್ಮಜ್ಜಿಯ 20 ಗುಂಟೆ, ಅವರೂ ವಿಲ್ ಬರೆದಿಲ್ಲ ಅಂದ್ರೆ, ಅವರ ಸ್ವಂತ ಮಗನಿಗೇ ಬರುತ್ತದೆ. ಅಲ್ಲಿಗೆ ನಿಮ್ಮ ಕಡೆಗೆ ಒಂದೂವರೆ ಎಕರೆ. ಕಡಿಮೆ ಅನ್ನಿಸಬಹುದು, ಆದರೆ ಅತ್ತೆಯಂದಿರೂ ಅಜ್ಜನ ಮಕ್ಕಳೇ ಅಲ್ವಾ? ಮದುವೆ ಮಾಡಿ ಕೊಟ್ಟಾಯ್ತು ಅಂತ ಅವರನ್ನು ಬಿಡುವ ಹಾಗಿಲ್ಲ.

ಎರಡನೇ ಮದುವೆಯ ವರ್ಷ ಇಲ್ಲಿ ತುಂಬಾ ಮುಖ್ಯ. 1955ರ ಮೇ 18ರಿಂದ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂತು, ಆಮೇಲೆ ಮೊದಲ ಹೆಂಡತಿ ಬದುಕಿರುವಾಗ ಇನ್ನೊಬ್ಬರನ್ನು ಮದುವೆಯಾದರೆ ಅದು ಮದುವೆಯೇ ಅಲ್ಲ, ಹಾಗಾಗಿ ಆಕೆಗೆ ಹೆಂಡತಿಯ ಪಾಲೂ ಇಲ್ಲ. ಮಕ್ಕಳಿಗೆ ಮಾತ್ರ ಅಪ್ಪನ ಆಸ್ತಿಯಲ್ಲಿ ಪಾಲು ಇದ್ದೇ ಇರುತ್ತದೆ. ನಿಮ್ಮ ಚಿಕ್ಕಜ್ಜಿಯದ್ದು ಅದಕ್ಕೂ ಮುಂಚಿನ ಮದುವೆ, ತೊಂದರೆಯಿಲ್ಲ.

ನನಗೆ ನಿಜವಾಗಿ ಕಾಳಜಿ ಇರುವುದು ಆ ಚಿಕ್ಕಜ್ಜಿ ಬಗ್ಗೆ. ಎರಡೂ ಕಡೆಯವರು ಲೆಕ್ಕ ಹಾಕುವಾಗ ಅವರನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಆ 20 ಗುಂಟೆ ಬರೀ ಜೀವನಾಂಶಕ್ಕೆ ಬಿಟ್ಟಿದ್ದಲ್ಲ, ಪೂರ್ತಿ ಅವರದ್ದೇ. ಮಾರಬಹುದು, ಇಷ್ಟ ಬಂದವರಿಗೆ ವಿಲ್ ಬರೆಯಬಹುದು. ವಂಶವೃಕ್ಷದಲ್ಲಿ ಇಬ್ಬರು ಅಜ್ಜಿಯರ, ಐವರು ಮಕ್ಕಳ ಹೆಸರೂ ಬರಲಿ. ಅದನ್ನಿಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಕೊಡಿ, ಪೋಡಿ (ಅಳತೆ ಮಾಡಿ ಜಮೀನು ಬೇರೆ ಬೇರೆ ಮಾಡುವುದು) ಆಮೇಲೆ ಮಾಡಿಸಿಕೊಳ್ಳಬಹುದು. ಯಾರಾದರೂ ತಕರಾರು ತೆಗೆದರೆ ಚಿಕ್ಕಜ್ಜಿಯೂ ಅತ್ತೆಯಂದಿರೂ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.